ಜೆಡ್ ಕೋಷ್ಟಕವನ್ನು ಓದುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಕಲಿತು ಕಾಮರ್ಸಿಗೆ ಬಂದ ನಮ್ಮಂಥವರಿಗೆ ಸಂಖ್ಯಾಶಾಸ್ತ್ರದ ಪುಸ್ತಕದ ಕೊನೆಯ ಪುಟಗಳೆಂದರೆ ಸ್ವಲ್ಪ ದಿಗಿಲೇ. ಸಾಲು ಸಾಲು ದಶಮಾಂಶಗಳು, ಮೇಲೊಂದು ಇಂಗ್ಲಿಷ್ ತಲೆಬರಹ. ಆದರೆ ಗೆಳೆಯರೇ, ಜೆಡ್ ಕೋಷ್ಟಕ ಮಗ್ಗಿಯ ಹಾಗೆ ಬಾಯಿಪಾಠ ಮಾಡುವಂಥದ್ದಲ್ಲ. ರೈಲಿನ ಟೈಮ್‌ಟೇಬಲ್ಲಿನ ಹಾಗೆ ಬೇಕಾದಾಗ ನೋಡುವಂಥದ್ದು. ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ. ಆ ಪ್ರಶ್ನೆ ಯಾವುದು ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಡೊಂಬಿವಲಿಯ ಮನೆಯಿಂದ ಕಾಲೇಜು ಮುಟ್ಟಲು ಸರಾಸರಿ 70 ನಿಮಿಷ, ಪ್ರಮಾಣ ವಿಚಲನೆ 8 ನಿಮಿಷ ಎಂದಿಟ್ಟುಕೊಳ್ಳಿ. ಈ ಸಮಯಗಳ ಚಿತ್ರ ಬರೆದರೆ ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುವ ಪ್ರಸಾಮಾನ್ಯ ವಕ್ರರೇಖೆ ಬರುತ್ತದೆ ಎಂದೂ ಇರಲಿ. ಪಾಠಕ್ಕೆ 80 ನಿಮಿಷ ಇರುವಾಗ ಹೊರಟರೆ ತಡವಾಗುವ ಸಂಭವ ಎಷ್ಟು?

ಮೊದಲು ಜೆಡ್. 80ರಲ್ಲಿ 70 ಕಳೆದು 8ರಿಂದ ಭಾಗಿಸಿದರೆ 1.25. ಅಂದರೆ ಸರಾಸರಿಯಿಂದ ಒಂದೂಕಾಲು ವಿಚಲನೆಯಷ್ಟು ದೂರ. ನಿಮಿಷವಿರಲಿ, ಕಿಲೋ ಇರಲಿ, ರೂಪಾಯಿ ಇರಲಿ, ಹೀಗೆ ಅಳೆದ ಮೇಲೆ ಎಲ್ಲಕ್ಕೂ ಒಂದೇ ಕೋಷ್ಟಕ ಸಾಕು.

ಈಗ ಕೋಷ್ಟಕ. ಎಡಗಡೆಯ ಕಂಬಸಾಲಿನಲ್ಲಿ 1.2, ಮೇಲಿನ ಅಡ್ಡಸಾಲಿನಲ್ಲಿ 0.05 ಹುಡುಕಿ. ಎರಡೂ ಕೂಡುವಲ್ಲಿ 0.3944 ಇದೆ. ಇದು ತಡವಾಗುವ ಸಂಭವವೇ? ಅಲ್ಲ! 70ರಿಂದ 80 ನಿಮಿಷದೊಳಗೆ ಮುಟ್ಟುವ ಸಂಭವ. ಈ ಕೋಷ್ಟಕಕ್ಕೆ ಗೊತ್ತಿರುವುದು ನಡುಗೆರೆಯಿಂದ ಜೆಡ್‌ವರೆಗಿನ ಭಾಗ ಮಾತ್ರ. ಬಲಗಡೆಯ ಅರ್ಧ ಒಟ್ಟು 0.5, ಅದರಲ್ಲಿ 0.3944 ಕಳೆದರೆ 0.1056. ಕಾಲೇಜಿನ 200 ದಿನಗಳಲ್ಲಿ ಸುಮಾರು 21 ದಿನ ತಡ ಅಂತಾಯ್ತು.

ಜೆಡ್ ಋಣಸಂಖ್ಯೆಯಾದರೆ? 62 ನಿಮಿಷಕ್ಕೆ ಜೆಡ್ −1. ಚಿಹ್ನೆ ಬಿಟ್ಟು 1.00ರ ಎದುರಿನ 0.3413 ತೆಗೆದುಕೊಳ್ಳಿ, ಅದು 62ರಿಂದ 70ರವರೆಗಿನ ಭಾಗ. ಎರಡೂ ಬದಿ ಒಂದೇ ತಾನೇ?

ಕೆಲವು ಪುಸ್ತಕಗಳಲ್ಲಿ ಅದೇ 1.25ಕ್ಕೆ 0.8944 ಎಂದಿರುತ್ತದೆ. ಅಚ್ಚಿನ ತಪ್ಪಲ್ಲ, ಎಡತುದಿಯಿಂದ ಎಣಿಸಿದ್ದು. ಮೊದಲು 0.00ರ ಎದುರು ನೋಡಿ: 0.0000 ಇದ್ದರೆ ಎಣಿಕೆ ನಡುವಿನಿಂದ, 0.5000 ಇದ್ದರೆ ಎಡತುದಿಯಿಂದ.

ಕೋಷ್ಟಕವನ್ನು ಹಿಂದುಮುಂದಾಗಿ ಓದುವುದೂ ಉಂಟು. ಪರೀಕ್ಷೆಯ ದಿನ ತಡವಾಗುವ ಸಂಭವ ನೂರಕ್ಕೆ ಎರಡೂವರೆ ಮೀರಬಾರದು. 0.5ರಲ್ಲಿ 0.025 ಕಳೆದರೆ 0.4750. ಇದನ್ನು ಕೋಷ್ಟಕದ ಒಳಗೆ ಹುಡುಕಿ ಎಡಕ್ಕೂ ಮೇಲಕ್ಕೂ ನೋಡಿದರೆ 1.96 ಸಿಗ್ತದೆ. ಅದನ್ನು 8ರಿಂದ ಗುಣಿಸಿ 70 ಕೂಡಿಸಿದರೆ 85.68. ಹಾಗಾಗಿ 86 ನಿಮಿಷ ಮೊದಲೇ ಮನೆ ಬಿಡಬೇಕು.

ಇದೆಲ್ಲ ಮಾಮೂಲು ದಿನಗಳ ಲೆಕ್ಕ. 2005ರ ಜುಲೈ 26ರ ಮಳೆಗೆ ಮುಂಬಯಿಯ ಲೋಕಲ್ ಗಾಡಿಗಳೇ ನಿಂತುಹೋಗಿದ್ದವು; ಅಂಥ ದಿನಕ್ಕೆ ಈ ವಕ್ರರೇಖೆ ಹೊಂದುವುದಿಲ್ಲ.

ಇಂಗ್ಲಿಷ್ ಪ್ರಶ್ನೆ ಕಂಡಾಗ ನಾನು ಮಾಡುವುದಿಷ್ಟು: ಕೇಳಿದ್ದು "ಮೀರಿ"ಯೋ, "ಒಳಗೆ"ಯೋ, "ನಡುವೆ"ಯೋ ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಚಿತ್ರ ಬಿಡಿಸಿ ಆ ಭಾಗಕ್ಕೆ ಪೆನ್ಸಿಲ್ ಹಚ್ಚುತ್ತೇನೆ. ಆಮೇಲೆಯೇ ಕೋಷ್ಟಕ ತೆರೆಯುವುದು. ನೀವೂ ಹಾಗೆ ಮಾಡಿ ನೋಡಿ.