ಚೀಟಿ ಓದಲು ಬಂದರೆ ಸಾಕೇ?

ಶಿರಹಟ್ಟಿ ಕಡೆಯಿಂದ ವಸಡಿನ ಬಾವು ತೋರಿಸಲು ಬಂದಿದ್ದ ಅಜ್ಜಿಯೊಬ್ಬರಿಗೆ ಔಷಧಿಯ ಚೀಟಿ ಬರೆದುಕೊಟ್ಟೆ. "10 ಮಿ.ಲೀ., ದಿನಕ್ಕೆ ಎರಡು ಬಾರಿ" ಎಂದು ತಡವರಿಸದೆ ಓದಿದರು.

"ಮನ್ಯಾಗ ಹ್ಯಾಂಗ ತಗೋತೀರಿ ಯವ್ವಾ?" ಎಂದೆ.

"ಊಟ ಆದಮ್ಯಾಲೆ ಕುಡೀತೀನ್ರೀ."

ಅದು ಬಾಯಿ ಮುಕ್ಕಳಿಸಿ ಉಗುಳುವ ಔಷಧಿ. ‘ಉಗುಳಿ’ ಎಂದು ಚೀಟಿಯಲ್ಲಿ ನಾನೇ ಬರೆದಿರಲಿಲ್ಲ.

ಹಲ್ಲು-ಬಾಯಿಯ ಆರೋಗ್ಯದ ಬಗ್ಗೆ ಜನರ ತಿಳಿವಳಿಕೆಯನ್ನು ಅಳೆಯಲು ಪರೀಕ್ಷೆಗಳಿವೆ. 2007ರಲ್ಲಿ ಅಮೆರಿಕದಲ್ಲಿ ಬಂದ ಒಂದರಲ್ಲಿ 30 ಇಂಗ್ಲಿಷ್ ಶಬ್ದಗಳನ್ನು ಗಟ್ಟಿಯಾಗಿ ಓದಬೇಕು. ಕನ್ನಡಕ್ಕೆ ಇದು ಹೊಂದದು. ಅಕ್ಷರ ಬಲ್ಲವರು ಅರ್ಥ ತಿಳಿಯದ ಶಬ್ದವನ್ನೂ ಓದಿಬಿಡುತ್ತಾರೆ. ಇರಾನಿನ ತೆಹರಾನಿನಲ್ಲಿ ಫಾರ್ಸಿ ಮಾತನಾಡುವವರಿಗಾಗಿ ಸಿದ್ಧವಾಗಿ 2014ರಲ್ಲಿ ಪ್ರಕಟವಾದ 17 ಪ್ರಶ್ನೆಗಳ ಪರೀಕ್ಷೆ ನನಗೆ ಹೆಚ್ಚು ಸರಿ ಎನಿಸುತ್ತದೆ. ಓದಿ ತಿಳಿಯುವುದರ ಜೊತೆಗೆ ಲೆಕ್ಕ, ಕೇಳಿ ತಿಳಿಯುವುದು, ತಕ್ಕ ನಿರ್ಧಾರ ಮಾಡುವುದು ಅದರಲ್ಲಿ ಸೇರಿವೆ.

ಆದ್ದರಿಂದ ಮನೆಗೆ ಹೊರಡುವ ಮುನ್ನ ನಾವು ಹೇಳಿದ್ದನ್ನು ನಿಮ್ಮ ಮಾತಿನಲ್ಲೇ ನಮಗೆ ತಿರುಗಿ ಹೇಳಿರಿ. ಓದಲು ಬಾರದವರೂ ಸಂಕೋಚಪಡಬೇಡಿರಿ. ಔಷಧಿ ಎಷ್ಟು? ನುಂಗುವುದೋ, ಉಗುಳುವುದೋ? ಹಲ್ಲು ಕಿತ್ತಿದ್ದರೆ ಹತ್ತಿಯನ್ನು ಎಷ್ಟು ಹೊತ್ತು ಕಚ್ಚಿರಬೇಕು? (ಸುಮಾರು ಅರ್ಧ ಗಂಟೆ.) ಆ ದಿನ ಬಾಯಿ ಮುಕ್ಕಳಿಸಬಾರದು ಏಕೆ? ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮತ್ತೆ ರಕ್ತ ಸುರಿಯಬಹುದು. ಹೇಳುವಾಗ ತಪ್ಪಿದರೆ ನಾವು ಇನ್ನೊಮ್ಮೆ ಬಿಡಿಸಿ ಹೇಳುತ್ತೇವೆ.