ಮೊಬೈಲಿನಲ್ಲಿ ಓದುವ ಮಕ್ಕಳ ತಲೆನೋವು

ಹೈಸ್ಕೂಲು ಮಕ್ಕಳ ತಲೆನೋವಿಗೆ ಕಾರಣಗಳು ಹಲವು. ಬೆಳಗಿನ ತಿಂಡಿ ಬಿಡುವುದು, ನೀರು ಕಡಿಮೆ ಕುಡಿಯುವುದು, ನೆಗಡಿ, ಅರೆತಲೆನೋವು, ಕನ್ನಡಕ ಬೇಕಿದ್ದೂ ಹಾಕದಿರುವುದು, ಇವೆಲ್ಲ ಹಳೆಯವು. ಇವುಗಳ ಜೊತೆಗೆ ಈಗ ಮೊಬೈಲಿನಲ್ಲಿ ಓದುವ ಅಭ್ಯಾಸವೂ ಸೇರಿಕೊಂಡಿದೆ. ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿ ಸುತ್ತಲಿನ ಪುಟ್ಟ ಬಾಡಿಗೆ ಮನೆಗಳಿಂದ ಬರುವ ಮಕ್ಕಳು ಹೇಳುವ ತೊಂದರೆಗಳು ಬಹುಪಾಲು ಒಂದೇ ಬಗೆಯವು: ಸಂಜೆಯ ಹೊತ್ತಿಗೆ ಹಣೆ ಭಾರ, ಕಣ್ಣುರಿ, ಕತ್ತಿನ ಹಿಂಭಾಗದಲ್ಲಿ ಬಿಗಿತ, ಬೆಳಿಗ್ಗೆ ಏಳಲಾರದ ಆಲಸ್ಯ. ‘ತಲೆಗೆ ಸ್ಕ್ಯಾನಿಂಗ್ ಮಾಡಿಸಬೇಕಾ ಡಾಕ್ಟ್ರೇ?’ ಎಂದು ತಾಯಂದಿರು ಗಾಬರಿಯಿಂದ ಕೇಳುತ್ತಾರೆ. ರಾತ್ರಿ ಎಷ್ಟು ಹೊತ್ತಿನವರೆಗೆ, ಯಾವುದರಲ್ಲಿ ಓದುತ್ತೀಯ ಎಂದು ನಾನು ಮೊದಲು ಮಗುವನ್ನು ಕೇಳುತ್ತೇನೆ.

ಆಟವಾಡುತ್ತಾರೆ, ಸಿನಿಮಾ ನೋಡುತ್ತಾರೆ ಎಂಬ ದೂರು ಬೇರೆ. ಇಲ್ಲಿ ಹೇಳುತ್ತಿರುವುದು ನಿಜವಾಗಿ ಓದುವ ಮಕ್ಕಳ ವಿಷಯ. ತರಗತಿಯವರೆಲ್ಲ ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿರುತ್ತಾರೆ. ಒಬ್ಬಳು ನೋಟ್ಸಿನ ಫೋಟೋ ಕಳಿಸುತ್ತಾಳೆ, ಇನ್ನೊಬ್ಬ ಲೆಕ್ಕ ಬಿಡಿಸುವ ಕ್ರಮವನ್ನು ಮಾತಿನಲ್ಲೇ ಹೇಳಿ ಕಳಿಸುತ್ತಾನೆ, ಮತ್ತೊಬ್ಬ ಯೂಟ್ಯೂಬಿನ ಪಾಠ ಹಾಕುತ್ತಾನೆ. ಟ್ಯೂಷನ್ನಿಗೆ ಹಣವಿಲ್ಲದ ಮನೆಯ ಹುಡುಗನಿಗೂ ಸಂದೇಹ ಕೇಳಲು ಹತ್ತು ಜನ ಸಿಗುತ್ತಾರೆ. ಇದು ಒಳ್ಳೆಯದೇ. ತೊಂದರೆ ಇರುವುದು ವೇಳೆಯಲ್ಲಿ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ತಂದೆಯ ಆಟೋದಲ್ಲೋ, ತಾಯಿಯ ಜೊತೆ ಗಾರ್ಮೆಂಟ್ಸಿಗೋ ಹೋಗಿ ರಾತ್ರಿ ಎಂಟಕ್ಕೆ ಮರಳುತ್ತದೆ. ಮಕ್ಕಳು ಇಬ್ಬರಿದ್ದರೆ ಎರಡನೆಯವರ ಸರದಿ ಬರುವಾಗ ಹತ್ತು ಗಂಟೆ. ಮಿಕ್ಕವರ ನಿದ್ದೆ ಕೆಡದಿರಲೆಂದು ದೀಪ ಆರಿಸಿ, ಹೊದಿಕೆಯೊಳಗೆ, ಮುಖಕ್ಕೆ ಒಂದು ಗೇಣಿನ ದೂರದಲ್ಲಿ ಫೋನು ಹಿಡಿದು ಓದು ಸಾಗುತ್ತದೆ.

ಈ ಪದ್ಧತಿ ಬೇರೂರಿದ್ದು 2020ರಲ್ಲಿ. ಮಾರ್ಚಿನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ ಆರಂಭಿಸಿ, ಇಂಟರ್‌ನೆಟ್ ಇರುವ ಫೋನು ಉಳ್ಳವರು, ಸಾದಾ ಫೋನು ಉಳ್ಳವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಏರ್ಪಾಡು ಮಾಡಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅದೇ ವರ್ಷ ಜುಲೈನಲ್ಲಿ ಹೊರಬಂದ ಕೇಂದ್ರ ಸರ್ಕಾರದ ‘ಪ್ರಜ್ಞಾತಾ’ ಮಾರ್ಗಸೂಚಿಯು ಆನ್‌ಲೈನ್ ಪಾಠಕ್ಕೆ ಮಿತಿ ಹಾಕಿತ್ತು: 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ಕ್ಕೆ ಅಂಥ ನಾಲ್ಕು. ಶಾಲೆಗಳು ಮತ್ತೆ ತೆರೆದವು, ಮಕ್ಕಳ ಗುಂಪುಗಳು ಉಳಿದವು. ಈ ಗುಂಪುಗಳಿಗೆ ಗಂಟೆ ಹೊಡೆಯುವ ಜವಾನನಿಲ್ಲ.

ಕಣ್ಣಿನ ದುಡಿಮೆ

ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಬಿಗಿದು ಮಸೂರವನ್ನು ಉಬ್ಬಿಸುತ್ತದೆ. ಈ ದುಡಿಮೆಯನ್ನು ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 20 ಸೆಂಟಿಮೀಟರ್ ದೂರದ ಫೋನಿಗೆ ಅದು 5. ಫೋನನ್ನು 40 ಸೆಂಟಿಮೀಟರಿಗೆ ಸರಿಸಿದರೆ ಎರಡೂವರೆ. ಎರಡು ಮೀಟರ್ ದೂರದ ಟೀವಿಗೆ ಅರ್ಧ ಮಾತ್ರ. ಅಂದರೆ ಅದೇ ಪಾಠವನ್ನು ಗೋಡೆಯ ಟೀವಿಯಲ್ಲಿ ನೋಡಿದರೆ ಕಣ್ಣಿನ ಕೆಲಸ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಟೀವಿಯಿಂದ ಕಣ್ಣು ಹಾಳು ಎಂದು ನಮ್ಮನ್ನು ಗದರುತ್ತಿದ್ದ ಹಿರಿಯರು ಈ ಲೆಕ್ಕ ಕೇಳಿದರೆ ಅಚ್ಚರಿಪಟ್ಟಾರು. ಇನ್ನೊಂದು ವಿಷಯ: ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ, ಪರದೆಯನ್ನೇ ದಿಟ್ಟಿಸುವಾಗ ಅದರ ಅರ್ಧಕ್ಕೂ ಕಡಿಮೆ ಬಡಿಯುತ್ತದೆ. ಕಣ್ಣೀರಿನ ತೆಳುಪದರ ಆರಿ ಉರಿ ಹತ್ತುತ್ತದೆ.

‘ಬ್ಲೂ ಕಟ್’ ಕನ್ನಡಕ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಹದಿನೇಳು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2023ರ ವರದಿಯಲ್ಲಿ, ಅಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾದುದಕ್ಕೆ ಆಧಾರ ಸಿಗಲಿಲ್ಲ. ಆ ಹಣವನ್ನು ಕಣ್ಣು ಪರೀಕ್ಷೆಗೂ, ಪಾಠ ಹೇಳಿಕೊಡುವ ಪುಸ್ತಕಕ್ಕೂ ಬಳಸುವುದು ಮೇಲು.

ಹೆಚ್ಚು ಚಿಂತಿಸಬೇಕಾದುದು ಸಮೀಪದೃಷ್ಟಿಯ ಬಗ್ಗೆ. ದೂರದ ಬೋರ್ಡು ಮಸುಕಾಗುವ ಈ ದೋಷದಲ್ಲಿ ಕಣ್ಣುಗುಡ್ಡೆಯೇ ಉದ್ದವಾಗುತ್ತದೆ, ಒಮ್ಮೆ ಉದ್ದವಾದುದು ಹಿಂದಿನ ಅಳತೆಗೆ ಬರುವುದಿಲ್ಲ. ಇದನ್ನು ತಡೆಯಲು ಹಗಲ ಬೆಳಕು ಸಹಾಯಕ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯಲ್ಲಿ ದಿನವೂ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದಿತು. ಮಾಮೂಲಿನಂತೆ ಇದ್ದ ಶಾಲೆಗಳಲ್ಲಿ ಸುಮಾರು 40 ಮಂದಿಗೆ. ಆಟದ ಬಯಲಿಲ್ಲದ ನಮ್ಮ ಗಲ್ಲಿಗಳ ಮಕ್ಕಳಿಗೆ ಸಾರಕ್ಕಿ ಕೆರೆಯ ದಂಡೆಯಾದರೂ ಸರಿ, ಮನೆಯ ತಾರಸಿಯಾದರೂ ಸರಿ, ಸಂಜೆಯ ಬೆಳಕು ಇರುವಾಗಲೇ ಹೊರಗೆ ಕಳಿಸಿ.

ನಿದ್ದೆ ಕೊಟ್ಟು ಕೊಂಡ ಅಂಕ

ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳುವ ಹುಡುಗಿ, ಓದಿದ್ದನ್ನು ಗಟ್ಟಿ ಮಾಡಿಕೊಳ್ಳುವ ವೇಳೆಯನ್ನೇ ಕಳೆದುಕೊಳ್ಳುತ್ತಾಳೆ. ಅದರ ಮೇಲೆ ಗುಂಪಿನ ಸಂದೇಶಗಳ ‘ಟಿಣ್’ ಸದ್ದು. ಇನ್ನೊಬ್ಬರು ಎಷ್ಟು ಪಾಠ ಮುಗಿಸಿದ್ದಾರೆ ಎಂಬ ಕಳವಳಕ್ಕೇ ನಿದ್ದೆ ಹಾರಿಹೋದ ಮಕ್ಕಳಿದ್ದಾರೆ.

ಗುಂಪನ್ನು ಬಿಡಿಸಬೇಕೆಂದು ನಾನು ಹೇಳುವುದಿಲ್ಲ, ಬಳಸುವ ಬಗೆಯನ್ನು ಬದಲಿಸಬಹುದು. ರಾತ್ರಿ ಒಂಬತ್ತರ ಮೇಲೆ ಯಾರೂ ಏನೂ ಹಾಕಕೂಡದೆಂದು ಮಕ್ಕಳೇ ಒಪ್ಪಂದ ಮಾಡಿಕೊಳ್ಳಲಿ, ಆ ಮಾತನ್ನು ತರಗತಿಯ ಶಿಕ್ಷಕರು ಹೇಳಿದರೆ ನಡೆಯುತ್ತದೆ. ಫೋಟೋದಲ್ಲಿ ಬಂದ ನೋಟ್ಸನ್ನು ಒಮ್ಮೆ ಓದಿ, ಫೋನು ಮುಚ್ಚಿಟ್ಟು, ನೆನಪಿನಿಂದ ಹಾಳೆಯಲ್ಲಿ ಬರೆಯಲಿ. ಬರೆದುದರ ಫೋಟೋವನ್ನು ಗೆಳೆಯನಿಗೆ ಕಳಿಸಿ ತಿದ್ದಿಸಿಕೊಳ್ಳಲಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಕಣ್ಣಿಗೂ ಬಿಡುವು ಸಿಕ್ಕಂತಾಯಿತು. ಫೋನನ್ನು ಪುಸ್ತಕಗಳ ಅಟ್ಟಿಗೆ ಒರಗಿಸಿಟ್ಟು, ದೀಪದ ಬೆಳಕಿನಲ್ಲಿ, ಒಂದು ಮೊಳ ದೂರ ಕುಳಿತು ನೋಡಿದರೆ ಕತ್ತು ಬಗ್ಗುವುದಿಲ್ಲ. ತಂದೆ ತಾಯಿ ಮನೆಗೆ ಬಂದೊಡನೆ ಫೋನನ್ನು ಮೊದಲ ಒಂದು ಗಂಟೆ ಮಕ್ಕಳಿಗೆ ಬಿಟ್ಟುಕೊಟ್ಟರೆ ಹೊದಿಕೆಯೊಳಗಿನ ಓದು ಅರ್ಧ ತಪ್ಪುತ್ತದೆ. ಇದು ಕಷ್ಟವೆಂದು ಬಲ್ಲೆ, ದಿನವಿಡೀ ದುಡಿದು ಬಂದವರಿಗೂ ಫೋನೇ ಮನರಂಜನೆ.

ಎರಡು ವಾರ ಹೀಗೆ ಮಾಡಿಯೂ ತಲೆನೋವು ನಿಲ್ಲದಿದ್ದರೆ ಕಣ್ಣಿನ ವೈದ್ಯರಲ್ಲಿ ಪರೀಕ್ಷೆಯಾಗಲಿ. ಬೆಳಗಿನ ಜಾವ ನೋವಿನಿಂದ ಎಚ್ಚರವಾಗುವುದು, ವಾಂತಿ, ಒಂದು ಎರಡಾಗಿ ಕಾಣುವುದು, ನಡೆಯುವಾಗ ಓಲಾಡುವುದು, ಕೈಕಾಲಿನಲ್ಲಿ ಶಕ್ತಿ ಕುಂದುವುದು ಇವುಗಳಲ್ಲಿ ಯಾವುದೇ ಇದ್ದರೂ ಎರಡು ವಾರ ಕಾಯಬಾರದು, ಅಂದೇ ವೈದ್ಯರಿಗೆ ತೋರಿಸಿ. ಫೋನು ಕಿತ್ತುಕೊಂಡರೆ ಊಟ ಬಿಡುವಷ್ಟು, ಶಾಲೆ ತಪ್ಪಿಸುವಷ್ಟು ಅಂಟಿಕೊಂಡವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾ ಸೇವೆಯನ್ನು ಆರಂಭಿಸಿತು. ಅಂಥ ಮಕ್ಕಳನ್ನು ಬೈದು ಹೊಡೆಯುವ ಬದಲು ಅಲ್ಲಿಗೆ ಕರೆದೊಯ್ಯಬಹುದು.