ಮೊದಲು ನೀರಿನ ದಾರಿ ನೋಡಿ: ಹಳೆಯ ಮನೆ ಕಲಿಸಿದ ಹತ್ತು ಪಾಠಗಳು

ಕಾಸರಗೋಡಿನಲ್ಲಿ ಹಳೆಯ ಮನೆ ಕೊಂಡವರು ಸಾಮಾನ್ಯವಾಗಿ ಮೊದಲು ಕರೆಸುವುದು ಪೈಂಟರನ್ನು. ಒಕ್ಕಲಿಗೆ ನೆಂಟರು ಬರುವವರಿದ್ದಾರೆ, ಗೋಡೆ ಚೆಂದ ಕಾಣಬೇಕು ಎಂಬ ಆಸೆ ಸಹಜವೇ. ಆದರೆ ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿ: 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಈ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಯದೆ ಮಾಡಿದ ಖರ್ಚೆಲ್ಲ ಒಂದು ಮಳೆಗಾಲದಲ್ಲಿ ಕೊಚ್ಚಿಹೋಗಬಹುದು.

ನಮ್ಮದು ಬದಿಯಡ್ಕದ ಕಡೆ ಕೊಂಡ ಹಳೆಯ ಮನೆ. ಎದುರಿಗೆ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದಕ್ಕೆ ಆಮೇಲೆ ಸೇರಿಸಿದ ಕಾಂಕ್ರೀಟ್ ತಾರಸಿ. ಈ ಮನೆಯನ್ನು ನೋಡಿಕೊಳ್ಳುತ್ತಾ, ನೆಂಟರಿಷ್ಟರ ಮನೆಗಳ ದುರಸ್ತಿಗೆ ಜೊತೆ ನಿಲ್ಲುತ್ತಾ ಕಲಿತದ್ದನ್ನು ಹೊಸದಾಗಿ ಮನೆಯೊಡೆಯರಾದವರಿಗಾಗಿ ಬರೆದಿದ್ದೇನೆ.

1. ಒಂದು ಮಳೆಗಾಲ ಪೂರ್ತಿ ನೋಡಿ

ಜೀವಕ್ಕೆ ಅಪಾಯ ತರುವಂಥವನ್ನು ಕೂಡಲೇ ಸರಿಮಾಡಿಸಿ: ಸುಟ್ಟ ವಯರು, ಕಟ್ಟೆಯಿಲ್ಲದ ಬಾವಿ, ಮುರಿಯುವಂತಿರುವ ಪಕ್ಕಾಸು. ಗೋಡೆ ಒಡೆಯುವುದು, ನೆಲ ಬದಲಿಸುವುದು, ಅಡುಗೆಮನೆ ಜಾಗ ಬದಲಿಸುವುದು ಮೊದಲಾದ ದೊಡ್ಡ ಕೆಲಸಗಳಿಗೆ ಒಂದು ಮಳೆಗಾಲ ಕಾಯಿರಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಸುತ್ತು ಬನ್ನಿ. ಗುಡ್ಡದ ನೀರು ಯಾವ ಕಡೆಯಿಂದ ಅಂಗಳಕ್ಕೆ ಇಳಿಯುತ್ತದೆ, ಯಾವ ಗೋಡೆಗೆ ಇರಚಲು ಹೊಡೆಯುತ್ತದೆ, ಯಾವ ಮೂಲೆಯಲ್ಲಿ ಕೆಸರು ನಿಲ್ಲುತ್ತದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೇಸಗೆಯಲ್ಲಿ ಕೆಲಸದವರಿಗೆ ಅದನ್ನೇ ತೋರಿಸಿದರೆ ಅರ್ಧ ಮಾತು ಉಳಿಯುತ್ತದೆ.

2. ಪತ್ತನಾಜೆಯನ್ನು ಗಡುವು ಮಾಡಿಕೊಳ್ಳಿ

ಮೇ 24ರ ಹೊತ್ತಿಗೆ ಬರುವ ಪತ್ತನಾಜೆಗೆ ತುಳುನಾಡಿನಲ್ಲಿ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಾಡಿನ ಕೆಲಸವೂ ಅಷ್ಟರೊಳಗೆ ಮುಗಿದಿರಬೇಕು. ಮೇ ತಿಂಗಳ ಕೊನೆಯಲ್ಲಿ ಎಲ್ಲರಿಗೂ ಹಂಚಿನ ಕೆಲಸದವರು ಬೇಕು, ಯಾರಿಗೂ ಸಿಗುವುದಿಲ್ಲ. ಜನವರಿಯಲ್ಲಿಯೇ ಹೇಳಿಟ್ಟು, ಮಾರ್ಚ್ ಏಪ್ರಿಲಿನಲ್ಲಿ ಮಾಡಿಸಿ. ಬೇಸಗೆ ಮಳೆ ಒಂದೆರಡು ಬಂದರೆ ಒಳ್ಳೆಯದೇ. ದುರಸ್ತಿ ಸರಿಯಾಗಿದೆಯೇ ಎಂದು ತಿಳಿಯುತ್ತದೆ.

ಮಳೆಗಾಲದಲ್ಲಿ ಮಾಡಬಾರದ ಕೆಲಸಗಳೂ ಇವೆ. ಆಟಿ ತಿಂಗಳಲ್ಲಿ ಬಾಗಿಲು ಉಬ್ಬಿ ಹಾಕಲು ಬಾರದಿದ್ದರೆ ಉಜ್ಜುಳಿ ಹಾಕಿಸಬೇಡಿ. ಫೆಬ್ರವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಅಂಚಿಗೆ ಮೇಣ ಹಚ್ಚಿ ಸುಧಾರಿಸಿ, ಒಣಗಿದ ಮೇಲೂ ತಾಗಿದರೆ ಮಾತ್ರ ಉಜ್ಜಿಸಿ.

3. ನೀರು ತೊಟ್ಟಿಕ್ಕುವ ಜಾಗದಲ್ಲಿ ತೂತು ಇರುವುದಿಲ್ಲ

ಹಂಚಿನ ಸಂದಿನಿಂದ ಒಳಬಂದ ನೀರು ರೀಪು, ಪಕ್ಕಾಸುಗಳ ಅಡಿಯಲ್ಲಿ ಜಾರಿಕೊಂಡು ಎಷ್ಟೋ ಅಡಿ ದೂರದಲ್ಲಿ ಬೀಳುತ್ತದೆ. ಮಳೆ ಬರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ, ಒದ್ದೆಯ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ, ಅದು ಶುರುವಾಗುವಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಹಗಲಲ್ಲಿ ಅಟ್ಟದ ದೀಪ ಆರಿಸಿ ನೋಡಿದರೆ ಸೂಜಿಮೊನೆಯಷ್ಟು ಬೆಳಕು ಬರುವ ಸಂದೂ ಕಾಣುತ್ತದೆ.

1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಲ್ಲಿ ಅನೇಕ ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಹಂಚೂ ಒಂದೇ; ಆದರೆ ಒಂದಕ್ಕೊಂದು ಕಚ್ಚಿ ಕೂರುವ ಅಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಬೇರೆಯದನ್ನು ಸೇರಿಸಿದರೆ ಅಲ್ಲೇ ಸೋರುತ್ತದೆ. ಒಂದು ಹಂಚು ತೆಗೆದು ಅಡಿಮೈಯಲ್ಲಿ ಅಚ್ಚೊತ್ತಿದ ಹೆಸರು ನೋಡಿ, ಹಳೆಯ ಮನೆ ಕೆಡವಿದ ಸಾಮಾನು ಮಾರುವಲ್ಲಿ ಅದೇ ಅಚ್ಚಿನವನ್ನು ಹುಡುಕಿ. ಸಿಕ್ಕಿದಾಗ ಹೆಚ್ಚಿಗೆ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿಡಿ.

ಒಡೆದ ಹಂಚೊಂದನ್ನು ಬದಲಿಸಲು ಮಾಡು ಹತ್ತಬೇಕಾಗಿಲ್ಲ. ಮುಚ್ಚಿಗೆ ಇಲ್ಲದ ಕಡೆ ಅಟ್ಟದಿಂದಲೇ ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು, ಹೊಸದನ್ನು ರೀಪಿಗೆ ಸಿಕ್ಕಿಸಬಹುದು. ಒದ್ದೆ ಹಂಚಿನ ಮೇಲೆ ಮಾತ್ರ ಯಾರೂ ಕಾಲಿಡಬಾರದು, ಎಷ್ಟೇ ಅನುಭವ ಇದ್ದವರಾದರೂ.

4. ಮುರಕಲ್ಲಿನ ಗೋಡೆಯನ್ನು ಉಸಿರಾಡಲು ಬಿಡಿ

ಮುರಕಲ್ಲು ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. 17ನೇ ಶತಮಾನದ ಬೇಕಲ ಕೋಟೆ ಸಮುದ್ರದ ಅಂಚಿನಲ್ಲೇ ನಿಂತಿರುವುದು ಈ ಕಲ್ಲಿನಲ್ಲಿ. ಆದರೆ ಅದರ ಮೈತುಂಬ ರಂಧ್ರ. ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಎಳೆದ ತೇವ ಗಾಳಿಗೆ ಆರಿಹೋದರೆ ತೊಂದರೆಯಿಲ್ಲ. ಸುಣ್ಣದ ಗಾರೆ ಅದನ್ನು ಹೊರಬಿಡುತ್ತದೆ. ದಪ್ಪ ಸಿಮೆಂಟ್ ಗಾರೆ ಮತ್ತು ಪ್ಲಾಸ್ಟಿಕ್ ಎಮಲ್ಶನ್ ಬಡಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಬಣ್ಣ ಗುಳ್ಳೆ ಏಳುತ್ತದೆ, ಉಪ್ಪು ಬಿಳಿಯಾಗಿ ಉಕ್ಕುತ್ತದೆ.

ತೇವ ಎಲ್ಲಿಂದ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕು ಅಂಚಿಗೂ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ತೇವ ಗೋಡೆಯದು. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಸಾಕು. ಗೋಡೆಯದಾದರೆ ನೀರಿನ ಮೂಲ ಹುಡುಕಿ ಸರಿಮಾಡಿ, ಸಡಿಲ ಗಾರೆ ಕೆರೆದು, ಒಂದು ಬೇಸಗೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಾಕಿಸಿ.

5. ಕಣಿ ತೆಗೆಸುವುದು ಎಲ್ಲಕ್ಕಿಂತ ಅಗ್ಗದ ದುರಸ್ತಿ

ಗೋಡೆಯ ಬುಡ ಒದ್ದೆಯಾಗುವುದು ಹೆಚ್ಚಾಗಿ ಮಾಡಿನಂಚಿನ ನೀರು ನೆಲಕ್ಕೆ ಬಿದ್ದು ಎಗರುವುದರಿಂದ. ಹಿರಿಯರು ಅಡಕೆ ಮರ ಸೀಳಿದ ದಂಬೆ ಕಟ್ಟುತ್ತಿದ್ದರು, ಇರಚಲು ಹೊಡೆಯುವ ಕಡೆ ಮಡಲಿನ ತಟ್ಟಿ ನಿಲ್ಲಿಸುತ್ತಿದ್ದರು. ಈಗ ಪಿವಿಸಿ ದಂಬೆ ಸಿಗುತ್ತದೆ, ಆದರೆ ಕೆಲಸ ಅದೇ. ದಂಬೆ ಇಲ್ಲದಲ್ಲಿ ಮಾಡಿನ ಅಂಚಿನಡಿ ಜಲ್ಲಿ ಹಾಸಿ. ಗೋಡೆಯಿಂದ ಹೊರಕ್ಕೆ ಮೀಟರಿಗೆ ಎರಡು ಸೆಂಟಿಮೀಟರಿನಂತೆ ಇಳಿಜಾರು ಕೊಡಿ. ಗುಡ್ಡದ ಬದಿಯಲ್ಲಿ ನೀರನ್ನು ಅಂಗಳಕ್ಕೆ ಬಿಡದೆ ತಿರುಗಿಸುವ ಕಣಿ ತೆಗೆಸಿ, ಮಣ್ಣು ತಡೆಯುವ ಗೋಡೆಗೆ ನೀರು ಹೊರಬೀಳುವ ತೂತುಗಳನ್ನು ಇಡಿಸಿ. ನೀರು ಕುಡಿದ ಮಣ್ಣಿನ ಭಾರಕ್ಕೆ ತೂತಿಲ್ಲದ ಗೋಡೆ ತಡೆಯುವುದಿಲ್ಲ.

6. ತಾರಸಿಯ ಶತ್ರು ತುಕ್ಕು

ತಾರಸಿಯ ಅಡಿಯಲ್ಲಿ ಕಂದು ಕಲೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ ಎಂದರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲಬದಿಯ ಮನೆಗಳಲ್ಲಿ ಉಪ್ಪುಗಾಳಿಯಿಂದ ಇದು ಇನ್ನೂ ಬೇಗ. ಮರದ ಕೋಲಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಸಡಿಲವಾದದ್ದನ್ನು ಕೆತ್ತಿಸಿ, ತುಕ್ಕು ಉಜ್ಜಿ, ತುಕ್ಕುತಡೆ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಬೇಕು. ಬರೀ ಬಣ್ಣ ಬಳಿದು ಮುಚ್ಚಿದರೆ ಒಳಗೆ ರೋಗ ಬೆಳೆಯುತ್ತಲೇ ಇರುತ್ತದೆ. ತೊಲೆ, ಕಂಬಗಳಲ್ಲಿ ಬಿರುಕು ಕಂಡರೆ ಎಂಜಿನಿಯರರನ್ನೇ ಕರೆಯಿರಿ.

ಇಲ್ಲಿ ಅನೇಕರು ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುತ್ತಾರೆ. ಒಳ್ಳೆಯ ರಕ್ಷಣೆ ಅದು. ಬಟ್ಟೆ, ಅಡಕೆ ಒಣಗಿಸಲೂ ಜಾಗವಾಗುತ್ತದೆ. ಆದರೆ ಬೋಲ್ಟಿನ ರಬ್ಬರ್ ವಾಷರುಗಳು ಬಿಸಿಲಿಗೆ ಸೀಳುತ್ತವೆ. ಅವನ್ನು ಆಗಾಗ ಬದಲಿಸಬೇಕು. ತಾರಸಿಯ ನೀರು ಹೋಗುವ ಪೈಪಿನ ಬಾಯಿಂದ ತರಗೆಲೆ ತೆಗೆಯುವುದು ಆಗಲೂ ತಪ್ಪುವುದಿಲ್ಲ.

7. ಗೆದ್ದಲಿಗೆ ವಿಷ ಸುರಿಯುವ ಮೊದಲು ಬಾವಿಯನ್ನು ನೆನೆಯಿರಿ

ಸ್ಕ್ರೂಡ್ರೈವರಿನ ಹಿಡಿಯಿಂದ ಪಕ್ಕಾಸು, ದಾರಂದಗಳನ್ನು ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬರುತ್ತದೆಯೇ ಕೇಳಿ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಒಂದಿಷ್ಟು ಒಡೆದು ಬಿಡಿ. ಕೆಲವು ದಿನಗಳಲ್ಲಿ ಮತ್ತೆ ಕಟ್ಟಿದರೆ ಗೆದ್ದಲು ಜೀವಂತವಾಗಿದೆ. ತೇವ ಇದ್ದಲ್ಲಿಗೇ ಅದು ಬರುವುದು. ಸೋರಿಕೆ ನಿಲ್ಲಿಸಿದರೆ ಅರ್ಧ ಚಿಕಿತ್ಸೆ ಆದಂತೆ. ಸೌದೆ, ಹಳೆಯ ಹಲಗೆಗಳನ್ನು ಗೋಡೆಗೆ ಒರಗಿಸಬೇಡಿ. ಮರ ಬದಲಿಸುವಾಗ ಬಲಿತ ಹಲಸಿನ ಚೇಗನ್ನೇ ಆರಿಸಿ. ಬಿಳಿಮರ ಬೇಗ ಹಾಳಾಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಊರಿನ ಹಳೆಯ ಕ್ರಮ, ಇಂದಿಗೂ ಉಪಯುಕ್ತ. ಚರ್ಮಕ್ಕೆ ತಾಗಿದರೆ ಸುಡುವುದರಿಂದ ಕೈಗವಸು ಬೇಕೇ ಬೇಕು.

ರಾಸಾಯನಿಕ ಅನಿವಾರ್ಯವಾದರೆ ತಿಳಿದವರಿಂದ, ಬೇಕಾದಷ್ಟೇ, ಬಾವಿಯಿಂದ ದೂರದಲ್ಲಿ ಹಾಕಿಸಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಎಣ್ಮಕಜೆಯಂಥ ಊರುಗಳು ಇಂದಿಗೂ ಉಣ್ಣುತ್ತಿವೆ. ಮಣ್ಣಿಗೆ ಬಿದ್ದ ವಿಷ ನೀರಿಗೆ ಇಳಿಯುತ್ತದೆ ಎಂದು ಈ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

8. ಬಾವಿ, ಸುರಂಗಗಳೂ ಮನೆಯ ಭಾಗವೇ

ನೀರು ತಳ ಹಿಡಿಯುವ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ಹೂಳು ತೆಗೆಸಿ. ಇಳಿಯುವ ಮೊದಲು ದೀಪ ಇಳಿಸಿ ನೋಡಬೇಕು. ದೀಪ ನಂದಿದರೆ ಯಾರೂ ಇಳಿಯಬಾರದು. ದೀಪ ಉರಿದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ಬಾವಿಯೊಳಗೆ ಡೀಸೆಲ್ ಪಂಪು ಓಡಿಸಬೇಡಿ, ಅದರ ಹೊಗೆ ಕೊಲ್ಲುತ್ತದೆ.

ಕ್ಲೋರಿನೇಶನ್‌ಗೆ ಸಾಮಾನ್ಯ ಲೆಕ್ಕ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ. ನೆರೆಯ ನೀರು ಸೇರಿದ್ದರೆ ಅದರ ಎರಡರಷ್ಟು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಅಂದರೆ ಸುಮಾರು 24 ಗ್ರಾಂ ಪುಡಿ. ಬಕೆಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಅಲ್ಲಾಡಿಸಿ. ಒಂದು ಗಂಟೆ ಕಾದು ಬಳಸಿ. ಹೊಸ ಶೌಚದ ಗುಂಡಿ ತೆಗೆಸುವುದಿದ್ದರೆ ಬಾವಿಯಿಂದ ಏಳೂವರೆ ಮೀಟರ್ ಕನಿಷ್ಠ ಅಂತರ. ಜಾಗವಿದ್ದರೆ ಇನ್ನಷ್ಟು ದೂರ ಒಳ್ಳೆಯದು.

ಬಾಯಾರು, ಎಣ್ಮಕಜೆ ಕಡೆ ಮನೆ ಕೊಂಡರೆ ಜೊತೆಗೆ ಒಂದು ಸುರಂಗವೂ ಸಿಗಬಹುದು. ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ, ಪಂಪು ಕರೆಂಟು ಏನೂ ಬೇಡದ ನೀರಿನ ಮೂಲ ಇದು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ನಿಮ್ಮ ಸುರಂಗದ ಬಾಯಿಯ ಬಳಿ ಕುಸಿದ ಮಣ್ಣು, ಬೇರುಗಳನ್ನು ಬೇಸಗೆಯಲ್ಲಿ ತೆಗೆಸಿ. ಒಳಗಿನ ಕೆಲಸಕ್ಕೆ ಬಲ್ಲವರೇ ಬೇಕು. ಸುರಂಗದ ಮೇಲಿನ ಗುಡ್ಡವನ್ನು ಅಗೆಯಬೇಡಿ, ಅಲ್ಲಿ ಇಂಗುವ ಮಳೆಯೇ ನಿಮ್ಮ ಮನೆಯ ನೀರು.

9. ವಿದ್ಯುತ್ತಿನಲ್ಲಿ ಉಳಿತಾಯ ಬೇಡ

ಹಳೆಯ ಮನೆಗೆ ಕಾಲಿಟ್ಟ ವಾರದಲ್ಲೇ ಲೈಸೆನ್ಸ್ ಇರುವ ವಯರ್‌ಮನ್‌ರಿಂದ ಪರೀಕ್ಷೆ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒಣಗಿದ ಮುರಮಣ್ಣಿನಲ್ಲಿ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಿ. ಇಲ್ಲಿ ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರಿನ ಮಧ್ಯಾಹ್ನದ ಮೇಲೆ ಸಿಡಿಲು ಹೆಚ್ಚು. ಮೋಡ ಕಟ್ಟುವ ಮೊದಲೇ ಪ್ಲಗ್‌ಗಳನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ. ನಲ್ಲಿಯ ವಾಷರು, ಬಾಗಿಲ ತಿರುಗಣಿ ನೀವೇ ಬದಲಿಸಿ. ವಯರಿಂಗ್ ಮಾತ್ರ ಬೇಡ.

10. ಕೆಲಸದವರ ಜೊತೆ ನಿಂತು ಕಲಿಯಿರಿ

ಅಂದಾಜಿಗಿಂತ ಕಾಲುಭಾಗ ಹೆಚ್ಚು ಹಣ ಇಟ್ಟುಕೊಂಡೇ ಕೆಲಸ ಶುರುಮಾಡಿ. ಹಂಚು ತೆಗೆದ ಮೇಲೆಯೇ ಪಕ್ಕಾಸಿನ ನಿಜಸ್ಥಿತಿ ಕಾಣುವುದು. ಪೈಪು, ವಯರುಗಳನ್ನು ಗೋಡೆಯೊಳಗೆ ಮುಚ್ಚುವ ಮೊದಲು ಫೋಟೋ ತೆಗೆದಿಡಿ. ಮನೆ ತೆರಿಗೆ, ಭೂತೆರಿಗೆಯ ರಶೀದಿಗಳ ಜೊತೆ ಹಳೆಯ ಕನ್ನಡ ದಾಖಲೆಗಳನ್ನೂ ಜೋಪಾನ ಮಾಡಿ. ಹೊಸ ಕೋಣೆ ಸೇರಿಸುವುದಾದರೆ ಪಂಚಾಯತಿನ ಅನುಮತಿ ಮೊದಲು ಪಡೆಯಿರಿ.

ಹಂಚು ಹೊದೆಸುವವರು, ಸುಣ್ಣದ ಗಾರೆ ಬಲ್ಲವರು, ಸುರಂಗ ಕೊರೆಯುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಕೆಲಸ ಮುಗಿದ ದಿನವೇ ಹಣ ಕೊಡಿ. ಅವರು ಬಂದ ದಿನ ನೀವು ಮನೆಯಲ್ಲಿರಿ, ಮಕ್ಕಳನ್ನೂ ಅಟ್ಟಕ್ಕೆ ಕರೆದೊಯ್ದು ಹಂಚು ಹೇಗೆ ಕಚ್ಚಿ ಕೂರುತ್ತದೆ, ಚೇಗು ಯಾವುದು, ಬಿಳಿಮರ ಯಾವುದು ಎಂದು ಅವರ ಬಾಯಿಂದಲೇ ಕೇಳಿಸಿ. ಕೇಳಿದರೆ ಹೇಳಿಕೊಡದ ಮೇಸ್ತ್ರಿಯನ್ನು ನಾನು ಇನ್ನೂ ಕಂಡಿಲ್ಲ.